ಮಂಗಳೂರಿನ ಬಂದರು, ನಂಗಲಿಯ ಕಣಿವೆ: ಹೊರಗಿನವರ ಹಸ್ತಕ್ಷೇಪ ವರ್ತಕರಿಗೆ ಕಲಿಸುವ ಪಾಠ

ನಮ್ಮದು ಸಮುದ್ರ ತೀರವಿಲ್ಲದ ಜಿಲ್ಲೆ. ಆದ್ದರಿಂದ ಬಂದರಿನ ಒಡೆತನ, ನೌಕಾನೆಲೆಯ ವಿವಾದ, ಅದರಲ್ಲಿ ಪರರಾಷ್ಟ್ರಗಳ ಹಸ್ತಕ್ಷೇಪ ಮುಂತಾದ ವಿಷಯಗಳು ನಮಗೆ ಸಂಬಂಧಿಸಿದವಲ್ಲವೆಂದು ಸದಸ್ಯರಲ್ಲಿ ಅನೇಕರಿಗೆ ತೋರಬಹುದು. ಆದರೆ ಶ್ರೀನಿವಾಸಪುರದ ಮಾವು ತಿರುಳಾಗಿ ಹಡಗನ್ನೇರುವುದೂ, ನಮ್ಮ ಅಂಗಡಿಗಳಿಗೆ ಸೂರ್ಯಕಾಂತಿ ಎಣ್ಣೆ ಬಂದು ಸೇರುವುದೂ ಯಾವುದೋ ಒಂದು ಬಂದರಿನ ಮೂಲಕವೇ. ಆ ಬಂದರು ಯಾರ ಕೈಯಲ್ಲಿದೆ, ಅದರ ಮೇಲೆ ಯಾರು ಹಕ್ಕು ಸಾಧಿಸುತ್ತಿದ್ದಾರೆ, ಅವರ ಬೆನ್ನಿಗೆ ನಿಂತವರು ಯಾರು ಎಂಬ ಪ್ರಶ್ನೆಗಳು ಕೊನೆಗೆ ನಮ್ಮ ಲೆಕ್ಕದ ಪುಸ್ತಕಕ್ಕೂ ಬಂದೇ ಬರುತ್ತವೆ. ಇದಕ್ಕೆ ಅತ್ಯುತ್ತಮ ನಿದರ್ಶನ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದೆ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಮಂಗಳೂರು ಬಂದರಿಗಾಗಿ ಮೈಸೂರಿಗೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ವಿವಾದ ಮತ್ತು ಅದರಲ್ಲಿ ಫ್ರೆಂಚರು ವಹಿಸಿದ ಪಾತ್ರವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಎರಡು ಬಾಗಿಲುಗಳು

ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಎಲ್ಲೆಗಳನ್ನು ಹೇಳುವಾಗ ಪೂರ್ವದಲ್ಲಿ ನಂಗಲಿಯ ಘಟ್ಟವನ್ನೂ ಪಶ್ಚಿಮದಲ್ಲಿ ಬಾರಕನೂರಿನ ಘಟ್ಟವನ್ನೂ ಹೆಸರಿಸುತ್ತವೆ. ಮೈಸೂರಿನ ಪ್ರಸ್ಥಭೂಮಿಗೆ ಪೂರ್ವದ ಬಾಗಿಲು ನಂಗಲಿಯಾದರೆ, ಪಶ್ಚಿಮದ ಬಾಗಿಲುಗಳು ಕರಾವಳಿಗೆ ಇಳಿಯುವ ಘಟ್ಟಗಳು. ಮುಳಬಾಗಿಲು ಎಂಬ ಊರ ಹೆಸರಿನಲ್ಲಿಯೇ ಮೂಡಣ ಬಾಗಿಲು ಅಡಗಿದೆ. ಇಂದಿಗೂ ಈ ಸಂಬಂಧ ಕಡಿದಿಲ್ಲ. ಮಂಗಳೂರಿನ ಸಮೀಪದ ಬಂಟ್ವಾಳದಿಂದ ಹೊರಟು ಹಾಸನ, ಬೆಂಗಳೂರು, ಕೋಲಾರ, ಮುಳಬಾಗಿಲು, ನಂಗಲಿಗಳ ಮೂಲಕ ವೆಲ್ಲೂರಿನತ್ತ ಸಾಗುವ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ 75 ಎಂದೇ ಹೆಸರು. ಒಂದು ಬಾಗಿಲಲ್ಲಿ ನಡೆದ ಜಗಳ ಇನ್ನೊಂದು ಬಾಗಿಲನ್ನು ಹೇಗೆ ತಟ್ಟಿತೆಂಬುದೇ ಈ ಕಥೆಯ ಸಾರ.

ಹಲವರ ಹಕ್ಕಿನ ಬಂದರು

ಮಂಗಳೂರು ಎಂದೂ ಒಬ್ಬರದೇ ಬಂದರಾಗಿರಲಿಲ್ಲ. ಕೆಳದಿಯ ನಾಯಕರ ಆಳ್ವಿಕೆಯಲ್ಲಿ ನೆಲದ ಒಡೆತನ ನಾಯಕರದ್ದಾದರೂ ಪೋರ್ಚುಗೀಸರು ಒಪ್ಪಂದಗಳ ಮೂಲಕ ಅಲ್ಲಿ ಕೋಠಿಯನ್ನು ಹೊಂದಿದ್ದರು. ಅರಬ್ ವರ್ತಕರೂ ಅಲ್ಲಿಗೆ ಬರುತ್ತಿದ್ದರು. ಅಕ್ಕಿ, ಮೆಣಸು, ಶ್ರೀಗಂಧ ಇಲ್ಲಿಂದ ಹೊರಹೋಗುವ ಮುಖ್ಯ ಸರಕುಗಳಾಗಿದ್ದವು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಮಂಗಳೂರು, ಹೊನ್ನಾವರ ಮುಂತಾದ ಬಂದರುಗಳು ಮೈಸೂರಿಗೆ ಸೇರಿದವು. ಆತ ಮಂಗಳೂರನ್ನು ಕೇವಲ ವ್ಯಾಪಾರದ ರೇವಾಗಿ ಉಳಿಸದೆ ತನ್ನ ನೌಕಾಪಡೆಯ ನೆಲೆಯನ್ನಾಗಿ ಮಾಡಿಕೊಂಡನು. ಅಲ್ಲಿಂದ ಮುಂದೆ ಕಂಪನಿಯ ಬೊಂಬಾಯಿ ಸರ್ಕಾರದ ಕಣ್ಣು ಈ ಬಂದರಿನ ಮೇಲೆಯೇ ನೆಟ್ಟಿತ್ತು.

ಮೊದಲ ಮೈಸೂರು ಯುದ್ಧದಲ್ಲಿ, 1768ರ ಆರಂಭದಲ್ಲಿ, ಬೊಂಬಾಯಿಯಿಂದ ಬಂದ ಪಡೆ ಮಂಗಳೂರನ್ನು ಹಿಡಿಯಿತು. ಹೈದರನು ಕೆಲವೇ ತಿಂಗಳಲ್ಲಿ ಅದನ್ನು ಮರಳಿ ಪಡೆದನು. ಆದರೆ ಆತ ಕರಾವಳಿಗೆ ಧಾವಿಸಿದ ಅವಧಿಯಲ್ಲಿ ಕಂಪನಿಯ ಮದರಾಸು ಸೇನೆಗೆ ಪೂರ್ವದಲ್ಲಿ ಅವಕಾಶ ದೊರೆಯಿತು. ಅದೇ ವರ್ಷ ಮುಳಬಾಗಿಲು ಮತ್ತು ಕೋಲಾರ ಅದರ ವಶವಾದವು. 1768ರ ಅಕ್ಟೋಬರ್ 4ರಂದು ಮುಳಬಾಗಿಲಿನಲ್ಲಿ ಹೈದರನ ಸೇನೆಗೂ ಕರ್ನಲ್ ವುಡ್‌ನ ಪಡೆಗೂ ಘೋರ ಕಾಳಗ ನಡೆಯಿತು. ಸೋಲಿನ ಅಂಚಿನಲ್ಲಿದ್ದ ವುಡ್‌ನ ಸೈನಿಕರಿಗೆ, ಕರ್ನಲ್ ಸ್ಮಿತ್ ನೆರವಿಗೆ ಬಂದನೆಂದು ಕ್ಯಾಪ್ಟನ್ ಬ್ರೂಕ್ ಎಬ್ಬಿಸಿದ ಹುಸಿ ಕೂಗೇ ಆಸರೆಯಾಯಿತು. ಬಂದರಿನ ವಿವಾದಕ್ಕೆ ಬೆಲೆ ತೆತ್ತವರು ಸಮುದ್ರವನ್ನೇ ಕಾಣದ ನಮ್ಮ ಸೀಮೆಯ ರೈತರು ಮತ್ತು ವರ್ತಕರು ಎಂಬುದು ಇಲ್ಲಿ ಗಮನಾರ್ಹ.

1769ರ ಮದರಾಸು ಸಂಧಿಯಂತೆ ಉಭಯರೂ ಗೆದ್ದ ನೆಲವನ್ನು ಹಿಂದಿರುಗಿಸಿದರು. ಆಪತ್ತಿನಲ್ಲಿ ಪರಸ್ಪರ ನೆರವಾಗಲು ಒಪ್ಪಿದರು. 1770ರಲ್ಲಿ ಬೊಂಬಾಯಿ ಸರ್ಕಾರದೊಡನೆ ಆದ ಮತ್ತೊಂದು ಒಪ್ಪಂದದಲ್ಲಿ ಹೈದರನು ಕಂಪನಿಗೆ ತನ್ನ ಕರಾವಳಿಯಲ್ಲಿ ವ್ಯಾಪಾರದ ಸವಲತ್ತುಗಳನ್ನು ಕೊಟ್ಟನು. ಆದರೆ 1771ರಲ್ಲಿ ಮರಾಠರು ಮೈಸೂರಿನ ಮೇಲೆ ಏರಿಬಂದಾಗ ಕಂಪನಿಯ ನೆರವು ಬರಲಿಲ್ಲ. ಕೊಟ್ಟ ಮಾತು ಕಾಗದದಲ್ಲಿಯೇ ಉಳಿಯಿತು. ಹೈದರನು ಬೇರೆ ಮಿತ್ರನನ್ನು ಅರಸತೊಡಗಿದ್ದಕ್ಕೆ ಇದು ಮುಖ್ಯ ಕಾರಣ.

ಮೂರನೆಯವರ ಪ್ರವೇಶ

ಆ ಮಿತ್ರ ಫ್ರಾನ್ಸ್. ಮಲಬಾರಿನ ಮಾಹೆ ಫ್ರೆಂಚರ ಬಂದರಾಗಿದ್ದರೂ ಸುತ್ತಲಿನ ನೆಲದ ಮೇಲೆ ಹೈದರನ ಅಧಿಕಾರವಿತ್ತು. ಆತನಿಗೆ ಬೇಕಾದ ಯುದ್ಧಸಾಮಗ್ರಿ ಬರುತ್ತಿದ್ದುದು ಆ ರೇವಿನಿಂದಲೇ. ಹೀಗೆ ಒಂದೇ ಬಂದರು ಇಬ್ಬರ ಉಪಯೋಗಕ್ಕಿತ್ತು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಫ್ರಾನ್ಸ್ 1778ರಲ್ಲಿ ಇಂಗ್ಲೆಂಡಿನ ವಿರುದ್ಧ ನಿಂತಾಗ ಕಂಪನಿ ಆ ವರ್ಷವೇ ಪಾಂಡಿಚೇರಿಯನ್ನು ವಶಪಡಿಸಿಕೊಂಡಿತು. ಮಾಹೆ ತನ್ನ ರಕ್ಷಣೆಯಲ್ಲಿದೆಯೆಂದು ಹೈದರನು ಎಚ್ಚರಿಸಿದರೂ ಕಂಪನಿ ಕೇಳಲಿಲ್ಲ. 1779ರ ಮಾರ್ಚ್‌ನಲ್ಲಿ ಮಾಹೆ ಇಂಗ್ಲಿಷರಿಗೆ ಶರಣಾಯಿತು. 1780ರ ಜುಲೈನಲ್ಲಿ ಹೈದರನು ದೊಡ್ಡ ಸೇನೆಯೊಡನೆ ಕರ್ನಾಟಿಕ್ ಪ್ರಾಂತಕ್ಕೆ ಇಳಿದನು. ಅಮೆರಿಕದಲ್ಲಿ ಹೊತ್ತಿದ ಕಿಡಿ ಹೀಗೆ ನಮ್ಮ ಘಟ್ಟದ ಕೆಳಗೆ ಬೆಂಕಿಯಾಯಿತು.

1782ರಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನ್ ಪೂರ್ವ ಕರಾವಳಿಯಲ್ಲಿ ಇಂಗ್ಲಿಷ್ ನೌಕಾಬಲದೊಡನೆ ಮತ್ತೆ ಮತ್ತೆ ಕಾದಾಡಿದನು. ಆದರೆ ಅದೇ ವರ್ಷ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡನು. ಬೂದಿಕೋಟೆಯಲ್ಲಿ ಹುಟ್ಟಿದ ಆತನ ದೇಹವನ್ನು ಮೊದಲು ಕೋಲಾರಕ್ಕೆ ತಂದು ತಂದೆಯ ಸಮಾಧಿಯ ಬಳಿ ಇರಿಸಿ, ಅನಂತರ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು.

ಮಂಗಳೂರಿನ ಮುತ್ತಿಗೆ

ಈ ಸಂದರ್ಭವನ್ನು ಬಳಸಿಕೊಂಡು ಬೊಂಬಾಯಿಯ ಸೇನೆ ಜನರಲ್ ಮ್ಯಾಥ್ಯೂಸ್‌ನ ನೇತೃತ್ವದಲ್ಲಿ 1783ರ ಮೊದಲ ತಿಂಗಳುಗಳಲ್ಲಿ ಹೊನ್ನಾವರ, ಬಿದನೂರು ಮತ್ತು ಮಂಗಳೂರುಗಳನ್ನು ಹಿಡಿಯಿತು. ಟಿಪ್ಪು ಸುಲ್ತಾನನು ಪೂರ್ವದ ರಣರಂಗವನ್ನು ಬಿಟ್ಟು ಪಶ್ಚಿಮಕ್ಕೆ ಧಾವಿಸಿ ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಯನ್ನು ಮುತ್ತಿದನು. ಕೋಟೆಯೊಳಗೆ ಕರ್ನಲ್ ಕ್ಯಾಂಬೆಲ್‌ನ ಪಡೆ. ಹೊರಗೆ ಟಿಪ್ಪುವಿನ ಸೇನೆಯ ಜೊತೆಗೆ ಕೊಸಿನ್ಯಿ ಎಂಬ ಅಧಿಕಾರಿಯ ಕೆಳಗೆ ಫ್ರೆಂಚ್ ತುಕಡಿ.

ಮುತ್ತಿಗೆ ಫಲಿಸುವ ಹಂತದಲ್ಲಿದ್ದಾಗ ಯೂರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ರಾಜಿಯಾಗಿವೆಯೆಂಬ ಸುದ್ದಿ ಬಂತು. ಪ್ರಾಥಮಿಕ ಒಪ್ಪಂದಕ್ಕೆ ಸಹಿ ಬಿದ್ದದ್ದು 1783ರ ಜನವರಿ 20ರಂದು. ಸುದ್ದಿ ಮಂಗಳೂರನ್ನು ತಲುಪಿದ್ದು ಜುಲೈನಲ್ಲಿ. ಫ್ರೆಂಚ್ ತುಕಡಿ ಒಡನೆಯೇ ಕಾದಾಟ ನಿಲ್ಲಿಸಿತು. ಟಿಪ್ಪುವಿನ ಕೋಪಕ್ಕಾಗಲೀ ಕೋರಿಕೆಗಾಗಲೀ ಬೆಲೆ ಸಿಗಲಿಲ್ಲ. ಯಾರ ಬಂದರಿಗಾಗಿ ಹೋರಾಟ ನಡೆದಿತ್ತೋ ಅವರನ್ನು ಕೇಳದೆಯೇ ದೂರದಲ್ಲಿ ತೀರ್ಮಾನವಾಗಿತ್ತು. ಆಗಸ್ಟ್‌ನಲ್ಲಿ ಕದನವಿರಾಮವಾಯಿತು. ಕೋಟೆಯೊಳಗಿನವರು ಹಸಿವು ಮತ್ತು ರೋಗಗಳಿಂದ ಕಂಗೆಟ್ಟು 1784ರ ಜನವರಿ 30ರಂದು ಕೋಟೆಯನ್ನು ಬಿಟ್ಟುಕೊಟ್ಟರು. 1784ರ ಮಾರ್ಚ್ 11ರಂದು ಮಂಗಳೂರು ಸಂಧಿಗೆ ಸಹಿಯಾಯಿತು. ಗೆದ್ದ ನೆಲಗಳನ್ನು ಹಿಂದಿರುಗಿಸುವುದು, ಸೆರೆಯಾಳುಗಳನ್ನು ಬಿಡುವುದು ಇದರ ಮುಖ್ಯ ಅಂಶಗಳು. ಆದರೆ ವರ್ತಕರಾದ ನಾವು ಗಮನಿಸಬೇಕಾದ ಕಲಮು ಬೇರೆ: ಹೈದರನು 1770ರಲ್ಲಿ ಕಂಪನಿಗೆ ಕೊಟ್ಟಿದ್ದ ವ್ಯಾಪಾರದ ಸವಲತ್ತುಗಳನ್ನು ಟಿಪ್ಪು ಮತ್ತೆ ಊರ್ಜಿತಗೊಳಿಸಬೇಕಾಯಿತು. ಬಂದರು ಮೈಸೂರಿಗೆ ಉಳಿಯಿತು; ಅದರಲ್ಲಿ ವ್ಯಾಪಾರ ಮಾಡುವ ಹಕ್ಕಿನ ತಕರಾರು ಹಾಗೆಯೇ ಉಳಿಯಿತು.

ಬಂದರು ಕಳೆದುಕೊಂಡ ನಾಡು

ಮುಂದಿನ ವರ್ಷಗಳಲ್ಲಿ ಟಿಪ್ಪು ಮೆಣಸು, ಶ್ರೀಗಂಧಗಳ ವ್ಯಾಪಾರವನ್ನು ಸರ್ಕಾರದ ಹತೋಟಿಗೆ ತಂದು, ಇಂಗ್ಲಿಷರಿಗೆ ಮಾರಾಟವನ್ನು ತಡೆದು, ಮಸ್ಕತ್ತಿನಲ್ಲಿ ತನ್ನದೇ ಕೋಠಿಯನ್ನು ತೆರೆದನು. ಹೊಸ ಪೇಟೆಯನ್ನು ಹುಡುಕುವ ಈ ಪ್ರಯತ್ನ ಮೆಚ್ಚತಕ್ಕದ್ದೇ. ಆದರೆ ರಾಜ್ಯವೇ ಏಕೈಕ ವ್ಯಾಪಾರಿಯಾದಾಗ ಖಾಸಗಿ ವರ್ತಕನ ಕೈ ಕಟ್ಟಿಹೋಗುತ್ತದೆ ಎಂಬುದನ್ನೂ ಹೇಳಲೇಬೇಕು. 1788ರಲ್ಲಿ ಆತನ ರಾಯಭಾರಿಗಳು ಫ್ರಾನ್ಸಿನ ದೊರೆಯನ್ನು ಕಂಡು ಬಂದರು. ಆದರದ ಸ್ವಾಗತ ದೊರೆಯಿತು, ಸೈನ್ಯದ ಮೈತ್ರಿ ದೊರೆಯಲಿಲ್ಲ.

1791ರ ಫೆಬ್ರವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಆಂಬೂರಿನ ಕಡೆಗೆ ಹೋಗುವಂತೆ ತೋರಿಸಿ, ನಂಗಲಿಯ ಪೂರ್ವಕ್ಕಿರುವ ಮೊಗಿಲಿ ಘಟ್ಟವನ್ನು ಹತ್ತಿ, ಮುಳಬಾಗಿಲು, ಕೋಲಾರಗಳನ್ನು ದಾಟಿ ಬೆಂಗಳೂರಿಗೆ ಬಂದನು. ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆ ಬಿತ್ತು. ಆದರೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಮುಂದೆ ಧಾನ್ಯವೂ ಎತ್ತುಗಳೂ ಇಲ್ಲದೆ ತನ್ನ ಭಾರಿ ಫಿರಂಗಿಗಳನ್ನು ನಾಶಪಡಿಸಿ ಹಿಮ್ಮೆಟ್ಟಬೇಕಾಯಿತು. ಮರುವರ್ಷ ಆತನ ಕೈ ಹಿಡಿದವರಲ್ಲಿ ಹೇರೆತ್ತುಗಳ ಮೇಲೆ ಧಾನ್ಯ ಸಾಗಿಸುತ್ತಿದ್ದ ಬಂಜಾರ ವ್ಯಾಪಾರಿಗಳು ಪ್ರಮುಖರು. ಸರಬರಾಜಿನ ಮಹತ್ವಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 1792ರ ಸಂಧಿಯಲ್ಲಿ ಟಿಪ್ಪು ರಾಜ್ಯದ ಅರ್ಧ ಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ತೆರಲು ಒಪ್ಪಬೇಕಾಯಿತು.

ಕೊನೆಯ ಅಂಕ ಮತ್ತೆ ಮಂಗಳೂರಿನಲ್ಲಿಯೇ. 1798ರಲ್ಲಿ ಫ್ರೆಂಚ್ ದ್ವೀಪವಾದ ಈಗಿನ ಮಾರಿಷಸ್‌ನ ಗವರ್ನರ್ ಮಲಾರ್ಟಿಕ್, ಟಿಪ್ಪುವಿಗೆ ಸ್ವಯಂಸೇವಕರು ಬೇಕಾಗಿದ್ದಾರೆಂದು ಬಹಿರಂಗ ಘೋಷಣೆ ಹೊರಡಿಸಿದನು. ಮಂಗಳೂರಿನಲ್ಲಿ ಬಂದಿಳಿದವರು ಸುಮಾರು ನೂರು ಮಂದಿ. ಯುದ್ಧಕ್ಕೆ ಸಾಲದ ಆ ನೆರವು ಯುದ್ಧದ ನೆಪಕ್ಕೆ ಸಾಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೆನರಾ ಕರಾವಳಿಯನ್ನು ಕಂಪನಿ ತಾನೇ ಇಟ್ಟುಕೊಂಡಿತು. ಒಡೆಯರ ಮೈಸೂರಿಗೆ ಒಂದು ಬಂದರೂ ಉಳಿಯಲಿಲ್ಲ. ಆ ಸ್ಥಿತಿ 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ, ಎಂದರೆ 157 ವರ್ಷಗಳ ಕಾಲ, ಮುಂದುವರಿಯಿತು. ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ್ದು 1974ರ ಮೇ 4ರಂದು.

ಇಂದಿನ ಒಂದು ಹೋಲಿಕೆ

ಕಪ್ಪು ಸಮುದ್ರದ ಸೆವಸ್ತೋಪೋಲ್ ಇಂಥದೇ ಹಂಚಿಕೆಯ ನೌಕಾನೆಲೆ. 1997ರ ಒಪ್ಪಂದದಂತೆ ರಷ್ಯಾ ಮತ್ತು ಉಕ್ರೇನ್ ಹಳೆಯ ಸೋವಿಯತ್ ನೌಕಾಬಲವನ್ನು ಹಂಚಿಕೊಂಡವು; ರಷ್ಯಾಕ್ಕೆ ಅಲ್ಲಿ 2017ರವರೆಗೆ ಗುತ್ತಿಗೆಯ ನೆಲೆ ದೊರೆಯಿತು. 2010ರಲ್ಲಿ ಅನಿಲದ ಬೆಲೆಯಲ್ಲಿ ರಿಯಾಯಿತಿ ಪಡೆದು ಉಕ್ರೇನ್ ಈ ಅವಧಿಯನ್ನು 2042ರವರೆಗೆ ವಿಸ್ತರಿಸಿತು. 2014ರಲ್ಲಿ ರಷ್ಯಾ ಕ್ರೈಮಿಯವನ್ನೇ ತನ್ನದಾಗಿಸಿಕೊಂಡಿತು; ಗುತ್ತಿಗೆಯ ಪತ್ರ ಅರ್ಥ ಕಳೆದುಕೊಂಡಿತು. 2022ರ ಫೆಬ್ರವರಿಯಲ್ಲಿ ಪೂರ್ಣ ಯುದ್ಧ ಆರಂಭವಾದಾಗ ಉಕ್ರೇನಿನ ಬಂದರುಗಳು ಮುಚ್ಚಿ, ನಮ್ಮ ಪೇಟೆಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ಆ ವರ್ಷದ ಜುಲೈನಲ್ಲಿ ವಿಶ್ವಸಂಸ್ಥೆ ಮತ್ತು ತುರ್ಕಿಯ ಮಧ್ಯಸ್ಥಿಕೆಯಿಂದ ಧಾನ್ಯ ಸಾಗಣೆಯ ಒಪ್ಪಂದವಾಯಿತು. 2023ರ ಜುಲೈನಲ್ಲಿ ರಷ್ಯಾ ಹಿಂದೆಗೆಯಿತು. ಹೊರಗಿನವರ ಪ್ರವೇಶ ಯಾವಾಗಲೂ ಕೆಡುಕೇ ಎನ್ನಲಾಗದು. ಆದರೆ ಅದು ಯಾವಾಗಲೂ ತಾತ್ಕಾಲಿಕ.

ವರ್ತಕರು ಗ್ರಹಿಸಬೇಕಾದ ಅಂಶಗಳು

1. ಮೂರನೆಯವನ ಜಾಮೀನು ಅವನ ಹಿತ ಇರುವವರೆಗೆ ಮಾತ್ರ. ಫ್ರೆಂಚರು ಟಿಪ್ಪುವಿಗೆ ದ್ರೋಹ ಮಾಡಿದರೆನ್ನುವುದಕ್ಕಿಂತ, ಅವರ ಯುದ್ಧ ಮುಗಿದಿತ್ತು ಎನ್ನುವುದು ಸರಿ. ಜಾಮೀನುದಾರನ ಆಸ್ತಿಯನ್ನು ಮಾತ್ರ ನೋಡದೆ, ಅವನು ಯಾವ ಕಾರಣಕ್ಕೆ ಜಾಮೀನು ನಿಂತಿದ್ದಾನೆಂಬುದನ್ನೂ ನೋಡಬೇಕು.

2. ಒಡೆತನ ಬೇರೆ, ಬಳಕೆಯ ಹಕ್ಕು ಬೇರೆ. ಮಂಗಳೂರು ಸಂಧಿಯ ವ್ಯಾಪಾರದ ಕಲಮಿನಂತೆ, ಗೋದಾಮು ಅಥವಾ ಮಳಿಗೆಯ ಕರಾರಿನಲ್ಲಿಯೂ ಬಳಕೆ, ಅವಧಿ, ನವೀಕರಣಗಳನ್ನು ಸ್ಪಷ್ಟವಾಗಿ ಬರೆಸದಿದ್ದರೆ ತಕರಾರು ಖಚಿತ.

3. ವಿಮೆಯ ಷರತ್ತುಗಳನ್ನು ಓದಬೇಕು. ಸಾಮಾನ್ಯ ಸಾಗರ ವಿಮೆಯಲ್ಲಿ ಯುದ್ಧದ ಅಪಾಯ ಸೇರಿರುವುದಿಲ್ಲ. ಪ್ರತ್ಯೇಕ ಪ್ರೀಮಿಯಂ ಕೊಟ್ಟು ಸೇರಿಸಬೇಕು. ಹಾಗೆ ಸೇರಿಸಿದರೂ ಸರಕು ಹಡಗಿನ ಮೇಲಿರುವಾಗ ಮಾತ್ರ ಅದು ಅನ್ವಯಿಸುತ್ತದೆ. ಗೋದಾಮಿನಲ್ಲಿ ಬಿದ್ದಿರುವಾಗ ಅಲ್ಲ. ಖರೀದಿದಾರನ ದೇಶದಲ್ಲಿ ಯುದ್ಧವಾಗಿ ಹಣ ಬರದೆ ಹೋಗುವ ಅಪಾಯಕ್ಕೆ ಇ.ಸಿ.ಜಿ.ಸಿ. ಸಂಸ್ಥೆಯ ಪಾಲಿಸಿಗಳಿವೆ.

4. ಕರಾರಿನಲ್ಲಿ ಅನಿವಾರ್ಯ ಘಟನೆಯ ಕಲಮು ಇರಲಿ. 1872ರ ಭಾರತೀಯ ಕರಾರು ಅಧಿನಿಯಮದ 56ನೆಯ ಪ್ರಕರಣ ಅಸಾಧ್ಯವಾದ ಕರಾರನ್ನು ಅನೂರ್ಜಿತವೆನ್ನುತ್ತದೆ. ಆದರೆ ಸಾಗಣೆ ದುಬಾರಿಯಾಯಿತೆಂಬ ಕಾರಣ ಅಸಾಧ್ಯತೆಯಾಗದು. ಬಂದರು ಮುಚ್ಚಿದರೆ ಯಾರು ಏನು ಭರಿಸಬೇಕೆಂದು ಮೊದಲೇ ಬರೆದಿರಬೇಕು.

5. ಒಂದೇ ಬಾಗಿಲನ್ನು ನಂಬಬಾರದು. ನಂಗಲಿಯ ಮೂಲಕ ಚೆನ್ನೈ ನಮಗೆ ಸಮೀಪದ ಬಂದರು. ಆದರೂ ಕೃಷ್ಣಪಟ್ಟಣ ಮತ್ತು ನವಮಂಗಳೂರುಗಳ ದರ ಹಾಗೂ ಅವಧಿಯನ್ನು ರಫ್ತುದಾರರು ವರ್ಷಕ್ಕೊಮ್ಮೆಯಾದರೂ ವಿಚಾರಿಸಿ ಇಟ್ಟುಕೊಳ್ಳುವುದು ವಿವೇಕ.

ಚರ್ಚೆಗೆ ಪ್ರಶ್ನೆಗಳು

ಅ) ಚೆನ್ನೈ ಬಂದರು ಒಂದು ತಿಂಗಳು ಮುಚ್ಚಿದರೆ ತಮ್ಮ ಸಂಸ್ಥೆಯ ಯಾವ ಸರಕು ಮೊದಲು ನಿಲ್ಲುತ್ತದೆ?

ಆ) ತಮ್ಮ ಈಗಿನ ವಿಮಾ ಪತ್ರದಲ್ಲಿ ಯುದ್ಧ ಮತ್ತು ಮುಷ್ಕರದ ಷರತ್ತು ಸೇರಿದೆಯೇ?

ಇ) ತಮ್ಮ ವ್ಯವಹಾರದಲ್ಲಿ ಮೂರನೆಯವರ ಮಾತನ್ನು ನಂಬಿ ನಿಂತ ಕರಾರು ಯಾವುದು? ಆ ಮೂರನೆಯವರು ನಾಳೆ ಹಿಂದೆ ಸರಿದರೆ ಉಳಿಯುವುದೇನು?

ಸದಸ್ಯರು ಈ ಪ್ರಶ್ನೆಗಳಿಗೆ ತಮ್ಮ ದಾಖಲೆಗಳನ್ನು ಮುಂದಿಟ್ಟುಕೊಂಡು ಉತ್ತರ ಬರೆದು ನೋಡಬೇಕೆಂದು ವಿನಂತಿ. ಸುದ್ದಿ ತಲುಪಲು 1783ರಲ್ಲಿ ಆರು ತಿಂಗಳು ಬೇಕಾಗಿತ್ತು. ಇಂದು ಆರು ನಿಮಿಷವೂ ಬೇಡ. ಆದರೆ ಸುದ್ದಿ ಬಂದ ಮೇಲೆ ಕರಾರು ತಿದ್ದಲು ಅಂದೂ ಕಾಲವಿರಲಿಲ್ಲ, ಇಂದೂ ಇರುವುದಿಲ್ಲ.