ಹಳೆಯ ಜಾವಾಕ್ಕೆ ಮೊದಲ ಖರ್ಚು ಯಾವುದು?



ಕೊಟ್ಟಿಗೆಯಲ್ಲಿ ಅಡಿಕೆ ಗೋಣಿಗಳ ಹಿಂದೆ ಹಳೆಯ ಜಾವಾ, ಯೆಜ್ಡಿ ಇದ್ದರೆ ಗುಜರಿಗೆ ಕೊಡಲು ಅವಸರಪಡಬೇಡಿರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದುದರಿಂದ ಅಲ್ಲಿಯ ಬೈಕುಗಳೆಲ್ಲ 15 ವರ್ಷ ದಾಟಿದವು, ಆರ್.ಸಿ. ನವೀಕರಿಸದೆ ರಸ್ತೆಗಿಳಿಸಕೂಡದು. ದಾಖಲೆಯೇ ಇಲ್ಲದ ಬೈಕಿಗೆ ಹಣ ಸುರಿಯಬೇಡಿರಿ.

ಅನೇಕರು ಮೊದಲು ಬಣ್ಣ ಹೊಡೆಸುತ್ತಾರೆ. ಚಂದವೇನೋ ಹೌದು, ಆದರೆ ಮೊದಲ ಖರ್ಚು ಟ್ಯಾಂಕಿಗೆ. ನಮ್ಮ ಮಳೆಗಾಲದ ತೇವಕ್ಕೆ ಅದರೊಳಗೆ ತುಕ್ಕು ಹಿಡಿದಿರುತ್ತದೆ. ಈ ಎಂಜಿನಿಗೆ ಎಣ್ಣೆ ಪೆಟ್ರೋಲಿನೊಡನೆಯೇ ಬೆರೆತು ಬರಬೇಕು. ತುಕ್ಕು ಕಾರ್ಬುರೇಟರಿನ ಜೆಟ್ಟನ್ನು ಕಟ್ಟಿದರೆ ಎಣ್ಣೆಯೂ ಸಾಲದೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಟ್ಯಾಂಕು ಬಿಚ್ಚಿ, ಸ್ವಲ್ಪ ಡೀಸೆಲ್, ಒಂದು ಹಿಡಿ ನಟ್ಟು ಹಾಕಿ ಚೆನ್ನಾಗಿ ಕುಲುಕಿರಿ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ!

ಮುಂದಿನ ಹಣ ಬ್ರೇಕಿಗೆ. ಸೀಟು, ಬಣ್ಣ ಆಮೇಲೆ. ಬಣ್ಣ ಬದಲಿಸಿದರೆ ಆರ್.ಸಿ.ಯಲ್ಲಿ ಬರೆಸಿರಿ.