ತಂತ್ರಾಂಶ ನಿರ್ಮಾಣದಲ್ಲಿ ಅಂದಾಜಿನ ವಿಚಾರ

ಯಾವುದೇ ಕಾರ್ಯವನ್ನು ಕೈಗೊಳ್ಳುವ ಮುನ್ನ ಅದಕ್ಕೆ ತಗಲುವ ವೆಚ್ಚವೆಷ್ಟು, ಹಿಡಿಯುವ ಕಾಲವೆಷ್ಟು, ಬೇಕಾಗುವ ಆಳುಗಳೆಷ್ಟು ಎಂಬ ಮೂರು ಪ್ರಶ್ನೆಗಳು ಎದುರಾಗುತ್ತವೆ. ಕಾರ್ಯವು ಮುಗಿಯುವ ಮೊದಲೇ ಇವಕ್ಕೆ ಕೊಡುವ ಉತ್ತರವೇ ಅಂದಾಜು. ಮನೆ, ರಸ್ತೆ, ಸೇತುವೆಗಳ ಅಂದಾಜನ್ನು ತಯಾರಿಸುವ ವಿದ್ಯೆ ಬಹುಕಾಲದಿಂದ ಬೆಳೆದುಬಂದಿದೆ. ಗಣಕಯಂತ್ರವನ್ನು ನಡೆಸುವ ತಂತ್ರಾಂಶದ ಅಂದಾಜಾದರೋ ಅರ್ಧ ಶತಮಾನದ ಅನುಭವದ ನಂತರವೂ ತಪ್ಪುತ್ತಲೇ ಇದೆ. ಮಾಲೂರು, ಟೇಕಲ್, ಬಂಗಾರಪೇಟೆಗಳಿಂದ ಪ್ರತಿದಿನ ರೈಲು ಹತ್ತಿ ಬೆಂಗಳೂರಿನ ಕಚೇರಿಗಳಿಗೆ ಹೋಗುವ ಅನೇಕ ತರುಣ ತರುಣಿಯರ ರಾತ್ರಿಯ ನಿದ್ರೆಯು ಬೇರೆ ಯಾರೋ ಹಾಕಿದ ಇಂಥ ಅಂದಾಜಿನ ಮೇಲೆ ನಿಂತಿದೆ. ಆದಕಾರಣ ಈ ವಿಷಯವು ವಿದ್ಯಾರ್ಥಿಗಳ ಪರಿಶೀಲನೆಗೆ ಯೋಗ್ಯವಾದುದಾಗಿದೆ.

ಎಲ್ಲ ಅಂದಾಜುಗಳೂ ಒಂದೇ ಜಾತಿಯವಲ್ಲ. ಮಾಲೂರಿನ ಇಟ್ಟಿಗೆಯಿಂದ ಗೋಡೆಯೊಂದನ್ನು ಕಟ್ಟಬೇಕಾದರೆ ಗೋಡೆಯ ಉದ್ದ, ಎತ್ತರ, ದಪ್ಪಗಳನ್ನು ಗುಣಿಸಿ ಇಟ್ಟಿಗೆಯ ಸಂಖ್ಯೆಯನ್ನು ಹೇಳಬಹುದು. ಕೆರೆಯ ಹೂಳೆತ್ತುವಾಗ ಅಗೆದ ಗುಂಡಿಯ ನಡುವೆ ಅಗೆಯದೆ ಒಂದು ಮಣ್ಣಿನ ದಿಬ್ಬವನ್ನು ಬಿಟ್ಟಿದ್ದರೆ, ಅದರ ಎತ್ತರವನ್ನು ಅಳೆದು ಎಷ್ಟು ಮಣ್ಣು ಹೋಯಿತೆಂಬುದನ್ನು ಯಾರು ಬೇಕಾದರೂ ತಿಳಿಯಬಹುದು. ಇಲ್ಲಿ ಕೆಲಸವು ಕಣ್ಣಿಗೆ ಕಾಣುತ್ತದೆ, ಅಳತೆಗೆ ಸಿಕ್ಕುತ್ತದೆ.

ಕೊಳವೆಬಾವಿಯ ಲೆಕ್ಕ ಬೇರೆ. ಕೋಲಾರ, ಮುಳಬಾಗಿಲು ಸೀಮೆಯ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಅಡಿಗೆ ಇಷ್ಟು ಎಂಬ ದರ ಗೊತ್ತು. ಆಳಕ್ಕೆ ಹೋದಂತೆ ದರ ಏರುವುದೂ ಗೊತ್ತು. ಎಷ್ಟು ಅಡಿಗೆ ನೀರು ಬೀಳುವುದೆಂಬುದು ಮಾತ್ರ ಗೊತ್ತಿಲ್ಲ. ಎಂಟುನೂರು ಅಡಿಗೆಂದು ಹಣ ಹೊಂದಿಸಿಕೊಂಡವನು ಸಾವಿರದ ಇನ್ನೂರು ಅಡಿಯವರೆಗೆ ಕೊರೆಸಿ ಬರಿಯ ಕಲ್ಲುಪುಡಿಯನ್ನು ಕಂಡದ್ದುಂಟು. ದರದ ಲೆಕ್ಕ ಸರಿಯಾಗಿದ್ದೂ ಅಂದಾಜು ತಪ್ಪುವುದೆಂದರೆ ಹೀಗೆ.

ಇವೆರಡರ ನಡುವಣದು ಶ್ರೀನಿವಾಸಪುರದ ಮಾವಿನ ವ್ಯಾಪಾರ. ತೋಟ ಹೂ ಬಿಟ್ಟಾಗ, ಇಲ್ಲವೇ ಕಾಯಿ ಕಚ್ಚಿದಾಗ, ವ್ಯಾಪಾರಿಯು ಮರಗಳ ನಡುವೆ ಒಂದು ಸುತ್ತು ಹಾಕಿ ಇಷ್ಟು ಟನ್ನು ಬರಬಹುದೆಂದು ಮನಸ್ಸಿನಲ್ಲೇ ಕಟ್ಟಿ ಫಸಲನ್ನು ಗುತ್ತಿಗೆ ಹಿಡಿಯುತ್ತಾನೆ. ಅವನ ಬಳಿ ಸೂತ್ರವಿಲ್ಲ. ಹಿಂದಿನ ವರ್ಷಗಳ ನೆನಪಿದೆ. ಹೂವೆಲ್ಲ ಕಾಯಾಗುವುದಿಲ್ಲ, ಜಿಗಿಹುಳು ಬೀಳಬಹುದು, ಆಲಿಕಲ್ಲು ಸುರಿಯಬಹುದು ಎಂದು ತಿಳಿದು, ಅಪಾಯಕ್ಕೆಂದು ಒಂದಿಷ್ಟನ್ನು ಕಳೆದೇ ಅವನು ಬೆಲೆಯನ್ನು ನುಡಿಯುತ್ತಾನೆ. ಹೂವಿನ ಕಾಲದಲ್ಲಿ ಹಿಡಿದ ಗುತ್ತಿಗೆಗೂ ಕಾಯಿ ಬಲಿತ ಮೇಲೆ ಹಿಡಿದ ಗುತ್ತಿಗೆಗೂ ಇರುವ ವ್ಯತ್ಯಾಸವನ್ನು ಅವನಷ್ಟು ಚೆನ್ನಾಗಿ ಬಲ್ಲ ತಂತ್ರಾಂಶ ಪಂಡಿತರು ಕಡಿಮೆ ಎಂದರೆ ಅತಿಶಯೋಕ್ತಿಯಾಗಲಾರದು.

ಈ ವ್ಯತ್ಯಾಸಕ್ಕೇ ಅಮೆರಿಕದ ಬ್ಯಾರಿ ಬೋಮ್ ಎಂಬ ವಿದ್ವಾಂಸರು ೧೯೮೧ರಲ್ಲಿ ಅಂಕಿಯ ರೂಪವನ್ನು ಕೊಟ್ಟರು. ಯೋಜನೆಯ ಆರಂಭದಲ್ಲಿ, ಬೇಕಾದುದು ಏನೆಂಬುದೇ ಸ್ಪಷ್ಟವಾಗದಿರುವಾಗ ಹಾಕಿದ ಅಂದಾಜು ನಿಜವಾದ ವೆಚ್ಚದ ನಾಲ್ಕರಲ್ಲಿ ಒಂದು ಪಾಲಾಗಿರಬಹುದು, ನಾಲ್ಕರಷ್ಟೂ ಆಗಿರಬಹುದು ಎಂಬುದು ಅವರ ಅಭಿಪ್ರಾಯ. ಎಂದರೆ ಆ ಹಂತದಲ್ಲಿ ‘ಹತ್ತು ಲಕ್ಷ’ ಎಂಬ ಮಾತಿಗೆ ‘ಎರಡೂವರೆ ಲಕ್ಷದಿಂದ ನಲವತ್ತು ಲಕ್ಷದೊಳಗೆ’ ಎಂದಷ್ಟೇ ಅರ್ಥ. ಕೆಲಸದ ವಿವರಗಳು ತಿಳಿಯುತ್ತ ಹೋದಂತೆ ಈ ಅಂತರ ಕಿರಿದಾಗುತ್ತದೆ. ಆದುದರಿಂದ ಅಂದಾಜೆಂಬುದು ಮುಂದಿನ ಕೆಲಸದ ಅಳತೆಯಾಗಿರುವುದಕ್ಕಿಂತ ಹೆಚ್ಚಾಗಿ, ಅಂದಾಜು ಮಾಡುವವನಿಗೆ ಆ ಹೊತ್ತಿಗೆ ಇರುವ ತಿಳಿವಳಿಕೆಯ ಅಳತೆ.

ಬೋಮ್ ಅವರು ೬೩ ಯೋಜನೆಗಳ ಲೆಕ್ಕವನ್ನು ಪರಿಶೀಲಿಸಿ ‘ಕೊಕೊಮೊ’ ಎಂಬ ಸೂತ್ರವನ್ನು ರಚಿಸಿದರು. ಸರಳ ಜಾತಿಯ ಕೆಲಸಕ್ಕೆ, ಪ್ರೋಗ್ರಾಮಿನ ಸಾಲುಗಳನ್ನು ಸಾವಿರಗಳಲ್ಲಿ ಎಣಿಸಿ, ಆ ಸಂಖ್ಯೆಯನ್ನು ೧.೦೫ರ ಘಾತಕ್ಕೇರಿಸಿ ೨.೪ರಿಂದ ಗುಣಿಸಿದರೆ ಬೇಕಾಗುವ ‘ಆಳು-ತಿಂಗಳು’ ದೊರೆಯುತ್ತದೆ. ಒಬ್ಬ ಮನುಷ್ಯನ ಒಂದು ತಿಂಗಳ ದುಡಿಮೆಯೇ ಒಂದು ಆಳು-ತಿಂಗಳು. ಹತ್ತು ಸಾವಿರ ಸಾಲಿಗೆ ಸುಮಾರು ೨೭ ಆಳು-ತಿಂಗಳು ಬಂದರೆ, ಇಪ್ಪತ್ತು ಸಾವಿರ ಸಾಲಿಗೆ ಸುಮಾರು ೫೬ ಬರುತ್ತದೆ. ಇಮ್ಮಡಿಯಾದ ೫೪ ಅಲ್ಲ. ಯಂತ್ರಗಳೊಡನೆ ಬಿಗಿಯಾಗಿ ಹೊಂದಿಕೊಂಡು ನಡೆಯಬೇಕಾದ ಜಟಿಲ ತಂತ್ರಾಂಶಕ್ಕೆ ಗುಣಕವು ೩.೬, ಘಾತವು ೧.೨೦. ಆಗ ಅದೇ ಹತ್ತು ಮತ್ತು ಇಪ್ಪತ್ತು ಸಾವಿರ ಸಾಲುಗಳಿಗೆ ಕ್ರಮವಾಗಿ ೫೭ ಮತ್ತು ೧೩೧ ಆಳು-ತಿಂಗಳು ಬೇಕು. ಗಾತ್ರವು ಇಮ್ಮಡಿಯಾದರೆ ಶ್ರಮವು ಇಮ್ಮಡಿಗಿಂತ ಹೆಚ್ಚಾಗುವುದೆಂಬ ತತ್ತ್ವವನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಸೂತ್ರವೇನೋ ಸೊಗಸಾಗಿದೆ, ಆದರೆ ಬರೆಯದಿರುವ ಪ್ರೋಗ್ರಾಮಿನ ಸಾಲುಗಳನ್ನು ಎಣಿಸುವುದೆಂತು? ಈ ತೊಡಕನ್ನು ಬಿಡಿಸಲು ಐಬಿಎಂ ಸಂಸ್ಥೆಯ ಅಲನ್ ಆಲ್‌ಬ್ರೆಕ್ಟ್ ಅವರು ೧೯೭೯ರಲ್ಲಿ ಬೇರೊಂದು ಮಾರ್ಗವನ್ನು ತೋರಿಸಿದರು. ಸಾಲುಗಳನ್ನು ಬಿಟ್ಟು, ಬಳಸುವವನ ಕಣ್ಣಿಗೆ ಕಾಣುವ ಸಂಗತಿಗಳನ್ನು ಎಣಿಸಬೇಕು: ಒಳಗೆ ಹೋಗುವ ಅರ್ಜಿಗಳೆಷ್ಟು, ಹೊರಗೆ ಬರುವ ಪತ್ರಗಳೆಷ್ಟು, ಕೇಳುವ ಪ್ರಶ್ನೆಗಳೆಷ್ಟು, ಕಾಪಾಡಬೇಕಾದ ಕಡತಗಳೆಷ್ಟು. ಇದು ಸಾಲುಗಳ ಎಣಿಕೆಗಿಂತ ಮೇಲು. ಆದರೆ ಇದೂ ಒಂದು ಸಂಗತಿಯನ್ನು ಮರೆಸುತ್ತದೆ. ಅದನ್ನು ತಿಳಿಯಲು ತಾಲ್ಲೂಕು ಕಚೇರಿಯೊಳಕ್ಕೆ ಹೋಗಬೇಕು.

ಕರ್ನಾಟಕದ ಕಂದಾಯ ಇಲಾಖೆಯು ಜಮೀನಿನ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ ಇದಕ್ಕೆ ಒಳ್ಳೆಯ ನಿದರ್ಶನ. ಇದಕ್ಕೂ ಹಿಂದೆ, ೧೯೯೧ರಲ್ಲಿಯೇ, ಭೂದಾಖಲೆಗಳನ್ನು ಗಣಕಯಂತ್ರಕ್ಕೆ ತರುವ ಪ್ರಾಯೋಗಿಕ ಯತ್ನವು ರಾಜ್ಯದಲ್ಲಿ ನಡೆದಿತ್ತು. ೧೯೯೬ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಆದರೆ ದಾಖಲೆಗಳು ದಿನದಿನವೂ ಬದಲಾಗುವ ಸ್ಥಳವಾದ ತಾಲ್ಲೂಕಿನಲ್ಲಿ ಗಣಕಯಂತ್ರವನ್ನಿಡಲು ಅದರಲ್ಲಿ ಅವಕಾಶವಿರಲಿಲ್ಲ. ಒಮ್ಮೆ ತುಂಬಿಸಿದ ಮಾಹಿತಿಯು ಮರುವರ್ಷಕ್ಕೆ ಹಳೆಯದಾಯಿತು. ತುಂಬಿಸುವ ಖರ್ಚನ್ನು ಅಂದಾಜು ಮಾಡಿದವರು ಕಾಪಾಡುವ ಖರ್ಚನ್ನು ಬಿಟ್ಟಿದ್ದರು.

ಶತಮಾನವು ತಿರುಗುವ ವೇಳೆಯಲ್ಲಿ ‘ಭೂಮಿ’ ಆರಂಭವಾದಾಗ ಈ ಪಾಠವನ್ನು ಮರೆಯಲಿಲ್ಲ. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಬೆಂಗಳೂರು ಘಟಕವು ಸಿದ್ಧಪಡಿಸಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಒಳಗೊಂಡು ರಾಜ್ಯದ ೧೭೭ ತಾಲ್ಲೂಕುಗಳಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಪ್ರಕಟವಾದ ಲೆಕ್ಕದಂತೆ ೧೯೯೮ರಿಂದ ೨೦೦೨ರವರೆಗೆ ಇಲಾಖೆಯು ವೆಚ್ಚ ಮಾಡಿದುದು ಸುಮಾರು ೧೮.೫ ಕೋಟಿ ರೂಪಾಯಿ. ಅದರಲ್ಲಿ ಮಾಹಿತಿ ತುಂಬಿಸುವ ಕೆಲಸಕ್ಕೇ ಸುಮಾರು ೮ ಕೋಟಿ ಹೋಯಿತು. ಐದರಲ್ಲಿ ಎರಡು ಪಾಲಿಗೂ ಮಿಕ್ಕಿದ ಹಣವು ಹಳೆಯ ಪುಸ್ತಕಗಳನ್ನು ಓದಿ ಬೆರಳಚ್ಚು ಮಾಡುವುದಕ್ಕೆ ಸಂದಿತೆಂದಾಯಿತು. ‘ತಂತ್ರಾಂಶ ಯೋಜನೆ’ ಎಂಬ ಹೆಸರನ್ನು ಕೇಳಿದವರ ಮನಸ್ಸಿಗೆ ಬರುವ ಚಿತ್ರವೇ ಬೇರೆ.

ತಾಲ್ಲೂಕೊಂದಕ್ಕೆ ಸರಾಸರಿ ಒಂದು ಲಕ್ಷಕ್ಕೂ ಮೇಲ್ಪಟ್ಟ ಪಹಣಿಗಳು ಬರುತ್ತವೆ. ಲೆಕ್ಕಕ್ಕೆ ಒಂದು ಲಕ್ಷವೆಂದೇ ಇಟ್ಟುಕೊಂಡು, ಒಂದನ್ನು ತುಂಬಿಸಲು ೧೦ ನಿಮಿಷ, ಗ್ರಾಮಲೆಕ್ಕಿಗನು ಮೂಲದೊಡನೆ ತಾಳೆ ನೋಡಲು ೫ ನಿಮಿಷ ಎಂದು ಭಾವಿಸಿದರೆ, ದಿನಕ್ಕೆ ಎಂಟು ಗಂಟೆಯ ದುಡಿಮೆಯಂತೆ ೩,೧೨೫ ಆಳುದಿನಗಳು ಬೇಕು. ನೂರಕ್ಕೆ ಐದು ಪಹಣಿಗಳಲ್ಲಿ ತಪ್ಪು ಸಿಕ್ಕಿ, ಒಂದೊಂದನ್ನು ತಿದ್ದಲು ೨೦ ನಿಮಿಷ ಹಿಡಿದರೆ ಇನ್ನೂ ೨೦೮ ದಿನ. ಹತ್ತು ನಿಮಿಷದ ಕೆಲಸಕ್ಕೆ ಹನ್ನೆರಡು ನಿಮಿಷ ತಗುಲಿದರೆ ಬೇರೆ ಏನೂ ಬದಲಾಗದೆಯೂ ೪೧೭ ಆಳುದಿನಗಳು ಹೆಚ್ಚುತ್ತವೆ. ಮೇಜಿನ ಮೇಲೆ ಎರಡು ನಿಮಿಷವೆಂಬುದು ಅಲಕ್ಷ್ಯಕ್ಕೆ ಅರ್ಹವಾದ ಅಂಕಿ; ಒಂದು ಲಕ್ಷದಿಂದ ಗುಣಿಸಿದಾಗ ಅದೇ ಒಬ್ಬ ಮನುಷ್ಯನ ಒಂದೂವರೆ ವರ್ಷದ ಸಂಬಳ.

ಹನ್ನೆರಡು ನಿಮಿಷವೇಕೆ ತಗಲುತ್ತದೆ? ಪಹಣಿಯ ಸ್ವರೂಪವನ್ನು ಬಲ್ಲವರಿಗೆ ಉತ್ತರ ಹೊಳೆದೀತು. ಒಂದು ಸರ್ವೆ ನಂಬರಿಗೆ ಒಬ್ಬನೇ ಯಜಮಾನನಿರುವುದು ಎಲ್ಲೆಡೆ ನಿಜವಲ್ಲ; ಒಂಬತ್ತನೆಯ ಕಾಲಮಿನಲ್ಲಿ ಅಣ್ಣತಮ್ಮಂದಿರು, ದಾಯಾದಿಗಳು, ತೀರಿಹೋದ ಅಜ್ಜ ಎಲ್ಲರೂ ಸೇರಿರಬಹುದು. ಹನ್ನೊಂದನೆಯ ಕಾಲಮಿನಲ್ಲಿ ಬ್ಯಾಂಕಿನ ಸಾಲದ ಹೊರೆ ದಾಖಲಾಗಿರಬಹುದು. ಹಿಸ್ಸೆಯಾಗಿದ್ದರೂ ಪೋಡಿ ಆಗಿರಲಿಕ್ಕಿಲ್ಲ. ಶಾಯಿ ಮಾಸಿದ ಪುಟದಲ್ಲಿ ಮುನಿಯಪ್ಪ, ಮುನಿಶಾಮಪ್ಪ ಎಂಬ ಎರಡು ಹೆಸರುಗಳಲ್ಲಿ ಯಾವುದೆಂದು ಊರಿನವರನ್ನೇ ಕೇಳಬೇಕು. ಅಳತೆಯ ವಿಚಾರವಂತೂ ಇನ್ನೂ ಸೂಕ್ಷ್ಮ. ೧-೨೫ ಎಂದು ಬರೆದಿದ್ದರೆ ಅದು ಒಂದು ಎಕರೆ ಇಪ್ಪತ್ತೈದು ಗುಂಟೆ. ಎಕರೆಗೆ ನಲವತ್ತು ಗುಂಟೆಯಾದುದರಿಂದ ಇಬ್ಬರು ಅಣ್ಣತಮ್ಮಂದಿರ ಇಂಥ ಎರಡು ಪಾಲುಗಳು ಕೂಡಿದರೆ ೩ ಎಕರೆ ೧೦ ಗುಂಟೆ ಆಗುತ್ತದೆ. ಇದನ್ನರಿಯದವನು ಬಿಂದುವನ್ನು ದಶಮಾಂಶವೆಂದು ತಿಳಿದು ಪ್ರೋಗ್ರಾಂ ಬರೆದರೆ ಯಂತ್ರವು ೨.೫೦ ಎನ್ನುತ್ತದೆ! ಸಂಕಲನದ ಈ ಪದ್ಧತಿಯನ್ನು ಬರೆಯಲು ಐದಾರು ಸಾಲು ಸಾಕು. ಇಂಥದೊಂದು ಪದ್ಧತಿ ಇದೆಯೆಂದು ಅರಿಯಲು ಶಿರಸ್ತೇದಾರರ ಬಳಿ ಒಂದು ದಿನ ಕುಳಿತಿರಬೇಕು. ಸಾಲುಗಳ ಎಣಿಕೆಯಾಗಲಿ ಅರ್ಜಿ ಕಡತಗಳ ಎಣಿಕೆಯಾಗಲಿ ಮರೆಸುವುದು ಈ ಒಂದು ದಿನವನ್ನೇ. ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯು ಆ ಐದಾರು ಸಾಲುಗಳನ್ನು ಕ್ಷಣದಲ್ಲಿ ಬರೆದುಕೊಡುತ್ತದೆ. ಶಿರಸ್ತೇದಾರರ ಬಳಿ ಕುಳಿತುಕೊಳ್ಳುವ ಕೆಲಸ ಹಾಗೆಯೇ ಉಳಿದಿದೆ.

ತಪ್ಪು ಉಳಿದರೆ ಅದರ ಬೆಲೆಯನ್ನು ತೆರುವವನು ಅಂದಾಜು ಹಾಕಿದವನಲ್ಲ. ಗಣಕೀಕೃತ ವ್ಯವಸ್ಥೆ ಜಾರಿಗೆ ಬಂದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ೧೫ ರೂಪಾಯಿ ಶುಲ್ಕ ತೆತ್ತು ಯಂತ್ರದ ಪ್ರತಿಯನ್ನೇ ಪಡೆಯಬೇಕಾಯಿತು. ಬಹುಜನರಿಗೆ ಇದರಿಂದ ಮಹದುಪಕಾರವಾಯಿತೆಂಬುದು ನಿರ್ವಿವಾದ. ಆದರೆ ಬೆಳೆಸಾಲಕ್ಕೆಂದು ಬಂದ ರೈತನ ಪಹಣಿಯಲ್ಲಿ ಒಂದಕ್ಷರ ತಪ್ಪಿದ್ದರೂ ಬ್ಯಾಂಕು ಒಪ್ಪಲಾರದು. ಅವನು ಕೂಲಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಮೂರು ಸಲ ಅಲೆದ ಬಸ್ಸಿನ ಖರ್ಚು ಯಾವ ಅಂದಾಜುಪಟ್ಟಿಯಲ್ಲಿಯೂ ಕಾಣಸಿಗುವುದಿಲ್ಲ. ತಾಳೆ ನೋಡುವ ಐದು ನಿಮಿಷವನ್ನು ಮೂರಕ್ಕೆ ಇಳಿಸಿ ವೆಚ್ಚವನ್ನು ಉಳಿಸಿದೆನೆಂದು ಹೇಳುವವನು ಉಳಿಸಿದ್ದಲ್ಲ, ವರ್ಗಾಯಿಸಿದ್ದು.

ಅಂದಾಜು ಮೀರುವುದು ತಂತ್ರಾಂಶಕ್ಕೆ ಮಾತ್ರ ಅಂಟಿದ ದೋಷವಲ್ಲ. ಸಕಲೇಶಪುರ ಸೀಮೆಯ ಹಳ್ಳಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳಿಗೆ ತರುವ ಎತ್ತಿನಹೊಳೆ ಯೋಜನೆಯ ಅಂದಾಜು ೨೦೧೨ರಲ್ಲಿ ಸುಮಾರು ೮,೩೨೩ ಕೋಟಿ ರೂಪಾಯಿ. ೨೦೧೪ರಲ್ಲಿ ೧೨,೯೧೨ ಕೋಟಿ. ೨೦೨೩ರಲ್ಲಿ ೨೩,೨೫೧ ಕೋಟಿ. ಅಳತೆಗೆ ಸಿಕ್ಕುವ ಕೊಳವೆ, ಕಾಲುವೆಗಳ ಕಾಮಗಾರಿಯಲ್ಲಿಯೇ ಹೀಗಾಗುವುದಾದರೆ ಕಣ್ಣಿಗೆ ಕಾಣದ ತಂತ್ರಾಂಶದ ಪಾಡನ್ನು ಊಹಿಸಬಹುದು. ಆದರೂ ಒಂದು ಭೇದವುಂಟು. ಕಾಲುವೆಯ ಕೆಲಸ ಹಿಂದೆ ಬಿದ್ದರೆ ಆಳು ಯಂತ್ರಗಳನ್ನು ಹೆಚ್ಚಿಸಿ ಬಹುಮಟ್ಟಿಗೆ ಸರಿದೂಗಿಸಬಹುದು. ರಾಗಿ ಹೊಲದ ಕಳೆಯನ್ನು ಐವರು ಎರಡು ದಿನದಲ್ಲಿ ತೆಗೆದರೆ ಹತ್ತು ಜನ ಒಂದೇ ದಿನದಲ್ಲಿ ತೆಗೆದಾರು. ತಂತ್ರಾಂಶದಲ್ಲಿ ಈ ತ್ರೈರಾಶಿ ನಡೆಯದು. ಐಬಿಎಂ ಸಂಸ್ಥೆಯ ದೊಡ್ಡದೊಂದು ಯೋಜನೆಯನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ ಅವರು ೧೯೭೫ರಲ್ಲಿಯೇ, ತಡವಾದ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುವುದೆಂದು ಎಚ್ಚರಿಸಿದ್ದರು. ಹೊಸಬರಿಗೆ ಕಲಿಸುವ ಹೊರೆ ಹಳಬರ ಮೇಲೆ ಬೀಳುತ್ತದೆ. ನಾಲ್ವರಿದ್ದಾಗ ಪರಸ್ಪರ ಮಾತುಕತೆಯ ಜೋಡಿಗಳು ಆರು, ಎಂಟು ಮಂದಿಯಾದಾಗ ಇಪ್ಪತ್ತೆಂಟು. ಆದಕಾರಣ ತಪ್ಪಿದ ಅಂದಾಜಿನ ಭಾರವೆಲ್ಲ ಮೊದಲಿನಿಂದ ಇದ್ದವರ ರಾತ್ರಿಗಳ ಮೇಲೆ ಬರುತ್ತದೆ.

ಅಂದಾಜು ತಪ್ಪುವುದಕ್ಕೆ ಅಜ್ಞಾನವೊಂದೇ ಕಾರಣವೆಂದು ತಿಳಿಯಬಾರದು. ಅಂದಾಜು ಬೇರೆ, ಟೆಂಡರಿನ ಬೆಲೆ ಬೇರೆ, ಕೊಟ್ಟ ಮಾತು ಬೇರೆ. ಮೇಲಿನವರು ‘ಯುಗಾದಿಯೊಳಗೆ ಮುಗಿಯಬೇಕು’ ಎಂದಾಗ ಎಂಟು ತಿಂಗಳ ಲೆಕ್ಕವನ್ನು ಐದಕ್ಕೆ ತಗ್ಗಿಸಿ ತಲೆಯಾಡಿಸುವುದು ಸೌಜನ್ಯವೆನಿಸಬಹುದು, ಅಂದಾಜೆನಿಸಲಾರದು. ತಿಂಗಳನ್ನು ಕಡಿಮೆ ಮಾಡಬೇಕಾದರೆ ಕೆಲಸದಲ್ಲಿ ಯಾವ ಭಾಗವನ್ನು ಬಿಡಬಹುದೆಂದು ಕೇಳುವುದೇ ಸರಿಯಾದ ಮಾರ್ಗ.

ಈ ವಿದ್ಯೆಯನ್ನು ಶಾಲೆಯ ಮಟ್ಟದಲ್ಲಿಯೇ ಅಭ್ಯಾಸ ಮಾಡಬಹುದು. ಐದು ಸಾವಿರ ಪುಸ್ತಕಗಳಿರುವ ಶಾಲಾ ಗ್ರಂಥಾಲಯದ ಪಟ್ಟಿಯನ್ನು ಗಣಕಯಂತ್ರಕ್ಕೆ ತರಬೇಕಾಗಿದೆಯೆಂದು ಇಟ್ಟುಕೊಂಡರೆ, ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಇತರರಿಗೆ ತೋರಿಸದೆ ತನ್ನ ಅಂದಾಜನ್ನು ಚೀಟಿಯಲ್ಲಿ ಬರೆಯಬೇಕು. ಹೆಚ್ಚು ಹೇಳಿದವನೂ ಕಡಿಮೆ ಹೇಳಿದವನೂ ತಮ್ಮ ಕಾರಣವನ್ನು ವಿವರಿಸಿದ ಬಳಿಕ ಎಲ್ಲರೂ ಮತ್ತೊಮ್ಮೆ ಬರೆಯಬೇಕು. ಅನಂತರ ಐವತ್ತು ಪುಸ್ತಕಗಳನ್ನು ನಿಜವಾಗಿ ದಾಖಲಿಸಿ ಹೊತ್ತನ್ನು ಗುರುತು ಹಾಕಿಕೊಳ್ಳಬೇಕು. ಆ ಐವತ್ತನ್ನು ಒಂದೇ ಕಪಾಟಿನಿಂದ ತೆಗೆಯದೆ, ಮುಖಪುಟ ಕಿತ್ತುಹೋದವು, ಗ್ರಂಥಕರ್ತರ ಹೆಸರಿಲ್ಲದವು, ಒಂದೇ ಸಂಖ್ಯೆಯನ್ನು ಎರಡು ಸಲ ಪಡೆದವು ಇರುವ ಮೂಲೆಯಿಂದಲೂ ತೆಗೆಯಬೇಕು. ಐವತ್ತಕ್ಕೆ ಐದು ಗಂಟೆ ಹಿಡಿದಿದ್ದರೆ ಉಳಿದ ೪,೯೫೦ಕ್ಕೆ ೪೯೫ ಗಂಟೆ; ದಿನಕ್ಕೆ ಒಂದು ಗಂಟೆಯಂತೆ ಐವರು ಕೂತರೆ ೯೯ ದಿನ. ಪರೀಕ್ಷೆಯ ದಿನಗಳನ್ನೂ ವಿದ್ಯುತ್ತು ಇಲ್ಲದ ದಿನಗಳನ್ನೂ ಇದಕ್ಕೆ ಸೇರಿಸಿ, ‘ನಾಲ್ಕರಿಂದ ಆರು ತಿಂಗಳು’ ಎಂದು ಬರೆದು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಬಹುದು. ತಿಂಗಳ ಕೊನೆಯಲ್ಲಿ ಆದದ್ದೆಷ್ಟೆಂದು ನೋಡಿ ಆ ಬರಹವನ್ನು ತಿದ್ದಬೇಕು.