ಸಾರ್ದಿಸ್ ಪಟ್ಟಣದ ಕಾವಲಿಲ್ಲದ ಗೋಡೆ

ಪಾಠಭಾಗ: ಪ್ರಕಟನೆ 3:1-6. ಇದರೊಂದಿಗೆ ಓದತಕ್ಕವುಗಳು: ಮಾರ್ಕ 13:33-37, 1 ಕೊರಿಂಥ 10:12.



ಅಪೊಸ್ತಲರ ಕಾಲದಲ್ಲಿ ರೋಮ್ ರಾಜ್ಯಕ್ಕೆ ಸೇರಿದ್ದ ಆಸ್ಯ ಸೀಮೆಯಲ್ಲಿನ ಏಳು ಸಭೆಗಳಿಗೆ ಕರ್ತನಾದ ಯೇಸು ಕ್ರಿಸ್ತನು ತನ್ನ ದಾಸನಾದ ಯೋಹಾನನ ಮೂಲಕ ಏಳು ಪತ್ರಗಳನ್ನು ಬರೆಯಿಸಿದನೆಂದು ನಾವು ಪ್ರಕಟನೆಯ ಪುಸ್ತಕದಲ್ಲಿ ಓದುತ್ತೇವೆ. ಆ ಸೀಮೆಯು ಈಗ ತುರ್ಕಿ ದೇಶದ ಪಶ್ಚಿಮ ಭಾಗವಾಗಿದೆ. ಈ ಪತ್ರಗಳಲ್ಲಿ ಐದನೆಯದು ಸಾರ್ದಿಸ್ ಸಭೆಗೆ ಬಂದದ್ದು. ಸ್ಮುರ್ನದ ಸಭೆಯವರು ಹಿಂಸೆಯನ್ನೂ ಬಡತನವನ್ನೂ ಸಹಿಸುತ್ತಿದ್ದರು. ಪೆರ್ಗಮದಲ್ಲಿ ಅಂತಿಪನೆಂಬ ನಂಬಿಗಸ್ತನು ಕೊಲ್ಲಲ್ಪಟ್ಟಿದ್ದನು. ಥುವತೈರದಲ್ಲಿ ದುರ್ಬೋಧನೆಯು ಹಬ್ಬಿತ್ತು. ಸಾರ್ದಿಸಿನ ಪತ್ರದಲ್ಲಾದರೋ ಹಿಂಸಕನ ಕತ್ತಿಯ ಮಾತಿಲ್ಲ, ಸುಳ್ಳು ಬೋಧಕನ ಹೆಸರೂ ಇಲ್ಲ. ಹೊರಗೆ ನೋಡಿದರೆ ಎಲ್ಲವೂ ನೆಮ್ಮದಿ. ಹೀಗಿದ್ದರೂ ಜೀವಿಸುವ ಸಭೆಯೆಂಬ ಹೆಸರು ಮಾತ್ರ ನಿನಗುಂಟು, ನೀನು ಸತ್ತಿದ್ದೀ ಎಂಬರ್ಥದ ಕಠಿಣವಾದ ಮಾತು ಈ ಸಭೆಗೇ ಬಂತು. ಅದರ ಹಿಂದೆಯೇ ಬಂದ ಮೊದಲನೆಯ ಅಪ್ಪಣೆ ಯಾವದಂದರೆ, ಎಚ್ಚರವಾಗಬೇಕೆಂಬದು. ಈ ಅಪ್ಪಣೆಯ ಭಾರವನ್ನು ತಿಳಿಯಬೇಕಾದರೆ ಆ ಪಟ್ಟಣದ ಪೂರ್ವ ಚರಿತ್ರೆಯನ್ನು ನಾವು ಸ್ವಲ್ಪ ತಿಳಿದಿರಬೇಕು.

1. ಪಟ್ಟಣವು ಎರಡು ಸಾರಿ ಬಿದ್ದ ವಿಧ

ಸಾರ್ದಿಸ್ ಪಟ್ಟಣವು ಪುರಾತನ ಕಾಲದಲ್ಲಿ ಲುದ್ಯ ರಾಜ್ಯದ ರಾಜಧಾನಿಯಾಗಿತ್ತು. ಅದರ ಪಕ್ಕದಲ್ಲಿ ಹರಿಯುವ ಪಕ್ತೋಲವೆಂಬ ಹೊಳೆಯ ಮರಳಿನಲ್ಲಿ ಬಂಗಾರವು ಸಿಕ್ಕುತ್ತಿತ್ತು. ಅದರ ಅರಸನಾದ ಕ್ರೀಸಸನ ಐಶ್ವರ್ಯವು ಗಾದೆಯಾಗಿ ಹೋಯಿತು. ಪಟ್ಟಣದ ಮೇಲುಗಡೆ ತ್ಮೋಲ ಬೆಟ್ಟದ ಒಂದು ಕೋಡಿನ ಮೇಲೆ ಕೋಟೆಯಿತ್ತು. ಅದರ ಪಕ್ಕಗಳು ಬಹಳ ಕಡಿದಾದದರಿಂದ ಈ ಕೋಟೆಯನ್ನು ಯಾರೂ ಹತ್ತಲಾರರೆಂದು ಜನರು ನಂಬಿಕೊಂಡಿದ್ದರು.

ಕ್ರಿಸ್ತ ಪೂರ್ವ 546ರ ಸುಮಾರಿನಲ್ಲಿ ಪಾರಸಿಯ ಅರಸನಾದ ಕೋರೆಷನು ಬಂದು ಇದಕ್ಕೆ ಮುತ್ತಿಗೆ ಹಾಕಿದನು. ಮುಂದೆ ಯೆಹೂದ್ಯರನ್ನು ಬಾಬೆಲಿನ ಸೆರೆಯಿಂದ ಬಿಡಿಸಿ ಸ್ವದೇಶಕ್ಕೆ ಕಳುಹಿಸಿದವನು ಇವನೇ. ಗ್ರೀಕ್ ಚರಿತ್ರೆಗಾರನಾದ ಹೆರೊಡೋಟನು ಹೇಳುವದೇನಂದರೆ, ಕೋಟೆಯ ಮೇಲಿದ್ದ ಒಬ್ಬ ಸಿಪಾಯಿಯ ಶಿರಸ್ತ್ರಾಣವು ಜಾರಿ ಬಂಡೆಯ ಮೇಲಿನಿಂದ ಕೆಳಕ್ಕೆ ಉರುಳಿತು. ಅವನು ಆ ಕಡಿದಾದ ಕಡೆಯಲ್ಲಿಯೇ ಇಳಿದು ಅದನ್ನು ಎತ್ತಿಕೊಂಡು ತಿರಿಗಿ ಹತ್ತಿ ಹೋದನು. ಕೋರೆಷನ ದಂಡಿನವನೊಬ್ಬನು ಇದನ್ನು ಕಂಡು ಮನಸ್ಸಿನಲ್ಲಿಟ್ಟುಕೊಂಡನು. ಆ ಕಡೆಯಿಂದ ಶತ್ರುವು ಬರಲಾರನೆಂಬ ಧೈರ್ಯದಿಂದ ಅಲ್ಲಿ ಕಾವಲೇ ಇಡಲ್ಪಟ್ಟಿರಲಿಲ್ಲ. ಅವನು ಹತ್ತಿದನು, ಅವನ ಹಿಂದೆ ಬೇರೆಯವರು ಹತ್ತಿದರು. ಹದಿನಾಲ್ಕು ದಿನಗಳ ಮುತ್ತಿಗೆಯಲ್ಲಿ ಸಾರ್ದಿಸ್ ಕೋರೆಷನ ಕೈವಶವಾಯಿತು.

ಇಂಥಾ ಪಾಠವನ್ನು ಕಲಿತವರು ಎಂದಿಗೂ ಮರೆಯಲಾರರೆಂದು ನಾವು ನೆನಸುವೆವು. ಆದರೆ ಮುನ್ನೂರಕ್ಕಿಂತ ಹೆಚ್ಚು ವರುಷಗಳಾದ ಮೇಲೆ, ಕ್ರಿಸ್ತ ಪೂರ್ವ 214ರ ಸುಮಾರಿನಲ್ಲಿ, ಮೂರನೆಯ ಅಂತಿಯೋಕನೆಂಬ ಅರಸನ ದಂಡು ಅದೇ ಪಟ್ಟಣವನ್ನು ಮುತ್ತಿತು. ಪೊಲಿಬಿಯನೆಂಬ ಚರಿತ್ರೆಗಾರನು ಅದನ್ನು ವಿವರಿಸಿದ್ದಾನೆ. ಒಳಗಿನವರು ಸತ್ತ ಪ್ರಾಣಿಗಳ ಹೆಣಗಳನ್ನು ಗೋಡೆಯ ಒಂದು ಕಡೆಯಿಂದ ಕೆಳಗಿನ ಕಮರಿಗೆ ಎಸೆಯುತ್ತಿದ್ದರು. ಹದ್ದುಗಳು ತಿಂದು ತೃಪ್ತಿಯಾಗಿ ಅಲ್ಲಿನ ಗೋಡೆಯ ಮೇಲೆಯೇ ಕೂತುಕೊಳ್ಳುತ್ತಿದ್ದವು. ಲಗೋರನೆಂಬ ದಂಡಿನವನು ಇದನ್ನು ನೋಡಿ, ಮನುಷ್ಯರು ತಿರುಗಾಡುವ ಗೋಡೆಯ ಮೇಲೆ ಹದ್ದುಗಳು ಹೀಗೆ ನಿರ್ಭಯವಾಗಿ ಕೂತಿರವು, ಆದದರಿಂದ ಅಲ್ಲಿ ಕಾವಲಿಲ್ಲವೆಂದು ಗೊತ್ತುಮಾಡಿಕೊಂಡನು. ರಾತ್ರಿಯಲ್ಲಿ ಏಣಿಗಳನ್ನು ಹಚ್ಚಿ ಕೆಲವರು ಹತ್ತಿದರು, ಬಾಗಿಲು ತೆರೆಯಲ್ಪಟ್ಟಿತು, ಪಟ್ಟಣವು ಸೂರೆಯಾಯಿತು. ಮೇಲಿನ ಕೋಟೆಯು ಇನ್ನೂ ಕೆಲವು ಕಾಲ ನಿಂತಿತು, ಆದರೆ ಅದೂ ಕಡೆಗೆ ಶತ್ರುಗಳ ಪಾಲಾಯಿತು.

ಹೀಗಿರಲಾಗಿ, ಎಚ್ಚರವಾಗದಿದ್ದರೆ ಕಳ್ಳನು ಬರುವಂತೆ ಬರುವೆನೆಂದು ಕರ್ತನು ಸಾರ್ದಿಸಿನ ಸಭೆಗೆ ಹೇಳಿಸಿದಾಗ, ತಮ್ಮ ಹಿರಿಯರ ಚರಿತ್ರೆಯನ್ನು ಬಲ್ಲವರೆಲ್ಲರ ಕಿವಿಗಳು ಜುಮ್ಮೆಂದಿರಬೇಕು.

2. ಈ ಚರಿತ್ರೆಯಿಂದ ನಾವು ಕಲಿಯುವದು

ಮೊದಲನೆಯದು. ಸಾರ್ದಿಸ್ ತನ್ನ ಬಲಹೀನವಾದ ಕಡೆಯಲ್ಲಿ ಬೀಳಲಿಲ್ಲ, ಬಲವುಳ್ಳದ್ದೆಂದು ನಂಬಿದ ಕಡೆಯಲ್ಲಿಯೇ ಬಿದ್ದಿತು. ಮೋರೆಬಾಗಿಲಿಗೆ ಕಾವಲಿತ್ತು, ಬಂಡೆಗೆ ಕಾವಲಿರಲಿಲ್ಲ. ದೇವಭಕ್ತರ ವಿಷಯದಲ್ಲಿಯೂ ವೇದವು ಇದನ್ನೇ ತೋರಿಸುತ್ತದೆ. ಮೋಶೆಯು ಭೂಮಿಯ ಮೇಲಿದ್ದ ಎಲ್ಲರಿಗಿಂತಲೂ ಸಾತ್ವಿಕನೆನಿಸಿಕೊಂಡವನು (ಅರಣ್ಯಕಾಂಡ 12:3). ಅವನು ಎಡವಿದ್ದು ಕೋಪದಿಂದ ಬಂಡೆಯನ್ನು ಹೊಡೆದ ದಿವಸ (ಅರಣ್ಯಕಾಂಡ 20:10-12). ಎಲೀಯನು ಅರಸನ ಮುಂದೆ ಹೆದರದೆ ನಿಂತವನು. ಅವನು ಒಬ್ಬ ಹೆಂಗಸಿನ ಬೆದರಿಕೆಯನ್ನು ಕೇಳಿ ಅರಣ್ಯಕ್ಕೆ ಓಡಿಹೋದನು (1 ಅರಸು 19). ಪೇತ್ರನು ಶಿಷ್ಯರೊಳಗೆ ಧೈರ್ಯಶಾಲಿ. ಅವನು ಒಬ್ಬ ದಾಸಿಯ ಪ್ರಶ್ನೆಗೆ ಅಂಜಿ ಕರ್ತನನ್ನು ಅರಿಯೆನೆಂದನು (ಮಾರ್ಕ 14). ತನಗೆ ಕುಡಿತದ ಆಶೆಯುಂಟೆಂದು ತಿಳಿದವನು ಹೆಂಡದಂಗಡಿಯ ದಾರಿಯನ್ನು ಬಿಟ್ಟು ಸುತ್ತಿಕೊಂಡು ಹೋಗುವನು. ನಾನು ಎಂದೂ ಕುಡಿದವನಲ್ಲವೆಂದು ಹೆಚ್ಚಳಪಡುವವನೋ ಆ ಹೆಚ್ಚಳದಲ್ಲಿಯೇ ನೆರೆಯವನನ್ನು ತುಚ್ಛೀಕರಿಸಿ ಬೀಳುವನು. ಆದದರಿಂದ ನಿಂತಿದ್ದೇನೆಂದು ನೆನಸುವವನು ಬೀಳದಂತೆ ನೋಡಿಕೊಳ್ಳಲಿ ಎಂಬ ಭಾವವನ್ನು ಅಪೊಸ್ತಲನು ಕೊರಿಂಥದವರಿಗೆ ಬರೆದನು.

ಎರಡನೆಯದು. ಆ ಸಿಪಾಯಿಯು ದ್ರೋಹಿಯಾಗಿರಲಿಲ್ಲ. ಒಂದು ಶಿರಸ್ತ್ರಾಣಕ್ಕಾಗಿ ಇಳಿದು ಹತ್ತಿದನು, ಅಷ್ಟೇ. ಆದರೆ ತನಗೆ ಅನುಕೂಲವಾದ ಕಾಲುದಾರಿಯನ್ನು ಅವನು ಶತ್ರುವಿಗೆ ತೋರಿಸಿಕೊಟ್ಟನು. ಸಂತೆಯಲ್ಲಿ ಒಂದು ಸಣ್ಣ ಸುಳ್ಳು, ತಕ್ಕಡಿಯಲ್ಲಿ ಸ್ವಲ್ಪ ಮೋಸ, ಮಗುವಿಗೆ ಜ್ವರ ಬಂದಾಗ ಈ ಒಂದು ಸಾರಿ ಮಾತ್ರ ಎಂದು ಗುಟ್ಟಾಗಿ ಕಟ್ಟಿಸಿದ ತಾಯಿತ, ಇವುಗಳನ್ನು ನಾವು ದೊಡ್ಡ ಪಾಪಗಳೆಂದು ಎಣಿಸುವದಿಲ್ಲ. ಹೋಗಿ ಬಂದೆವು, ಮುಗಿಯಿತು ಎನ್ನುತ್ತೇವೆ. ನಾವು ಇಳಿದು ಹತ್ತಿದ ದಾರಿಯನ್ನು ಸೈತಾನನು ಮರೆಯುವದಿಲ್ಲ.

ಮೂರನೆಯದು. ಸತ್ತದ್ದನ್ನು ಗೋಡೆಯಾಚೆಗೆ ಎಸೆದರೆ ಅದು ಮರೆಯಾಗುವದೆಂದು ಸಾರ್ದಿಸಿನವರು ನೆನಸಿದರು; ಹದ್ದುಗಳು ಅದನ್ನು ಊರಿಗೆಲ್ಲಾ ತೋರಿಸಿದವು. ಅರಿಕೆಮಾಡದ ಪಾಪ, ಕ್ಷಮಿಸದ ಜಗಳ, ತೀರಿಸದ ಅನ್ಯಾಯ, ಇವುಗಳನ್ನು ನಾವು ಮನಸ್ಸಿನ ಹಿಂದೆ ಎಸೆದು ಪ್ರಾರ್ಥನೆಗೆ ಬರುತ್ತೇವೆ. ಆದರೆ ನಮ್ಮ ಊರಿನ ಬೇರೆ ಜನರು ನೋಡುತ್ತಲೇ ಇದ್ದಾರೆ. ನಮ್ಮ ಗೋಡೆಯಲ್ಲಿ ಎಲ್ಲಿ ಕಾವಲಿಲ್ಲವೆಂದು ಅನೇಕ ಸಾರಿ ನಮಗಿಂತ ಮೊದಲು ಅವರಿಗೇ ತಿಳಿಯುತ್ತದೆ.

3. ಹೆಸರೂ ಜೀವವೂ

ಸಾರ್ದಿಸಿನ ಸಭೆಗೆ ಹೆಸರಿತ್ತು. ನಮಗೂ ಹೆಸರುಂಟು. ದೀಕ್ಷಾಸ್ನಾನದಲ್ಲಿ ನಮಗೆ ಇಡಲ್ಪಟ್ಟ ಹೆಸರು ಸಭೆಯ ದಪ್ತರದಲ್ಲಿ ಬರೆದಿರುತ್ತದೆ. ನಮ್ಮ ತಂದೆಗಳೋ ಅಜ್ಜಂದಿರೋ ಕ್ರಿಸ್ತನನ್ನು ಹಿಂಬಾಲಿಸಿದ ಕಾಲದಲ್ಲಿ ಆ ಹೆಸರಿನ ನಿಮಿತ್ತ ಕೆಲವರು ಬಾವಿಯ ನೀರನ್ನೂ ಬಂಧುಗಳ ಪಂಕ್ತಿಯನ್ನೂ ಹೊಲವನ್ನೂ ಕಳಕೊಂಡರು. ಅವರಿಗೆ ಎಚ್ಚರವನ್ನು ಕಲಿಸುವವರು ಬೇಕಾಗಿರಲಿಲ್ಲ, ಕಷ್ಟವೇ ಅವರನ್ನು ಎಚ್ಚರಗೊಳಿಸಿತು. ಈಗ ಗಂಟೆ ಬಾರಿಸಿದರೆ ಬರುತ್ತೇವೆ, ಕೀರ್ತನೆಯನ್ನು ಬಾಯಿಪಾಠವಾಗಿ ಹಾಡುತ್ತೇವೆ, ಕಾಣಿಕೆ ಹಾಕುತ್ತೇವೆ, ಮನೆಗೆ ಹೋಗುತ್ತೇವೆ. ಇವೆಲ್ಲಾ ಒಳ್ಳೇವೇ. ಆದರೆ ಎಣ್ಣೆ ಮುಗಿದ ದೀಪದ ಬತ್ತಿಯು ಸ್ವಲ್ಪ ಹೊತ್ತು ಕೆಂಪಾಗಿಯೇ ಇರುತ್ತದಲ್ಲವೇ? ದೂರದಿಂದ ನೋಡುವವನು ದೀಪ ಉರಿಯುತ್ತದೆಂದು ನೆನಸುವನು. ಮನೆಯೊಳಗಿರುವವನಿಗೆ ಕತ್ತಲೆ ಬಂದದ್ದು ತಿಳಿಯುವದು. ದಪ್ತರದಲ್ಲಿರುವ ಹೆಸರು ಜೀವಬಾಧ್ಯರ ಪುಸ್ತಕದಲ್ಲಿಯೂ ಇರುವದೋ ಎಂಬ ಪ್ರಶ್ನೆಯನ್ನು ಈ ಪತ್ರವು ಪ್ರತಿಯೊಬ್ಬನ ಮುಂದೆ ಇಡುತ್ತದೆ.

4. ಕರ್ತನ ಐದು ಅಪ್ಪಣೆಗಳು

ಖಂಡಿಸಿದ ಕರ್ತನು ಬಿಟ್ಟುಬಿಡಲಿಲ್ಲ. ಎರಡನೆಯ ಮತ್ತು ಮೂರನೆಯ ವಚನಗಳಲ್ಲಿ ಐದು ಅಪ್ಪಣೆಗಳಿವೆ.

ಎಚ್ಚರವಾಗು. ಇದು ನಿದ್ರೆಗೆಟ್ಟು ಹೆದರಿಕೊಂಡಿರುವದಲ್ಲ. ದಿವಸಕ್ಕೊಂದು ಸಾರಿ, ಮಲಗುವದಕ್ಕಿಂತ ಮುಂಚೆ, ಇಂದು ನಾನು ಆಡಿದ ಮಾತೂ ಮಾಡಿದ ಕೆಲಸವೂ ಹೇಗಿದ್ದವೆಂದು ದೇವರ ಮುಂದೆ ಯೋಚಿಸುವದೇ ಗೋಡೆಯನ್ನು ಸುತ್ತಿಬರುವದು.

ಉಳಿದದ್ದನ್ನು ಬಲಪಡಿಸು. ಸಾಯುವಂತಿದ್ದರೂ ಇನ್ನೂ ಸಾಯದಿರುವದು ಏನಾದರೂ ಉಂಟು. ಮನೆಪ್ರಾರ್ಥನೆ ನಿಂತುಹೋಗಿದ್ದರೂ ಊಟಕ್ಕೆ ಮುಂಚೆ ಸ್ತೋತ್ರ ಮಾಡುವದು ಉಳಿದಿದ್ದರೆ ಅಲ್ಲಿಂದಲೇ ಆರಂಭಿಸಬೇಕು. ಬೂದಿಯೊಳಗೆ ಒಂದು ಕೆಂಡ ಉಳಿದರೂ ಒಲೆಯನ್ನು ಹೊತ್ತಿಸಬಹುದು.

ನೆನಪುಮಾಡಿಕೋ. ನಾವು ವಾಕ್ಯವನ್ನು ಹೇಗೆ ಹೊಂದಿದೆವು, ಯಾವ ಸಂತೋಷದಿಂದ ಕೇಳಿದೆವು ಎಂಬದನ್ನು ಮರೆಯದೆ ಮಕ್ಕಳಿಗೂ ಹೇಳತಕ್ಕದ್ದು. ಸಾರ್ದಿಸಿನವರು ಮೊದಲನೆಯ ಬೀಳುವಿಕೆಯನ್ನು ಮರೆತದರಿಂದಲೇ ಎರಡನೆಯ ಸಾರಿ ಬಿದ್ದರು.

ಕಾಪಾಡಿಕೋ. ಕೇಳಿದ್ದನ್ನು ನಡತೆಯಲ್ಲಿ ಇಟ್ಟುಕೊಳ್ಳುವದೇ ಕಾಪಾಡುವದು. ಬಿತ್ತಿದವನು ಬೆಳೆಯನ್ನು ಕಾಯದಿದ್ದರೆ ಬಿತ್ತಿದ್ದರಿಂದ ಪ್ರಯೋಜನವೇನು?

ಮನಸ್ಸನ್ನು ತಿರುಗಿಸಿಕೋ. ಸತ್ತದ್ದನ್ನು ಗೋಡೆಯಾಚೆಗೆ ಎಸೆಯದೆ ಕರ್ತನ ಬಳಿಗೆ ತಂದು ಒಪ್ಪಿಕೊಳ್ಳಬೇಕು. ನೆರೆಯವನಿಗೆ ಕೊಡತಕ್ಕದ್ದನ್ನು ಕೊಟ್ಟು, ಜಗಳವಾಡಿದವನ ಸಂಗಡ ಸಮಾಧಾನವಾಗಿ, ಆ ಮೇಲೆ ಕರ್ತನ ಭೋಜನಕ್ಕೆ ಬರೋಣ.

5. ಒಬ್ಬರಿಗಾಗಿ ಒಬ್ಬರು ಎಚ್ಚರವಾಗಿರುವದು

ರಾಗಿಯ ಹೊಲಕ್ಕೆ ಹಂದಿ ನುಗ್ಗುವ ಕಾಲದಲ್ಲಿ ಒಬ್ಬನೇ ಎಲ್ಲಾ ರಾತ್ರಿಗಳಲ್ಲಿಯೂ ಅಟ್ಟಣೆಯ ಮೇಲೆ ಎಚ್ಚರವಾಗಿರಲಾರನು. ಅಣ್ಣನು ಮಲಗಿದರೆ ತಮ್ಮನು ಕೂಗುತ್ತಾನೆ. ಪಕ್ಕದ ಹೊಲದವನು ಕೂಗಿಗೆ ಕೂಗು ಕೊಡುತ್ತಾನೆ. ಆ ಕೂಗು ಬರದಿದ್ದರೆ, ಅವನು ನಿದ್ರೆಹೋದನೆಂದು ತಿಳಿದು ನಾವೇ ಅವನನ್ನು ಎಬ್ಬಿಸುತ್ತೇವೆ. ಸಭೆಯೆಂಬದು ಇದೇ. ಎರಡು ಭಾನುವಾರ ಆರಾಧನೆಗೆ ಬಾರದವನ ವಿಷಯವಾಗಿ ಕಟ್ಟೆಯ ಮೇಲೆ ಕೂತು ಮಾತಾಡಿಕೊಳ್ಳುವದು ಕಾವಲಲ್ಲ. ಅವನ ಮನೆಗೆ ಹೋಗಿ, ಕಷ್ಟವೇನೆಂದು ವಿಚಾರಿಸಿ, ಅವನ ಸಂಗಡ ಮೊಣಕಾಲೂರುವದೇ ಕಾವಲು. ಪ್ರತಿದಿನವೂ ಒಬ್ಬರನ್ನೊಬ್ಬರು ಎಚ್ಚರಿಸಬೇಕೆಂದು ಇಬ್ರಿಯರಿಗೆ ಬರೆದ ಪತ್ರಿಕೆಯೂ (3:13) ಬುದ್ಧಿಹೇಳುತ್ತದೆ. ನಾವೆಲ್ಲರೂ ತೂಕಡಿಸಿದರೂ ಇಸ್ರಾಯೇಲನ್ನು ಕಾಯುವಾತನು ತೂಕಡಿಸುವದಿಲ್ಲವೆಂಬದು (ಕೀರ್ತನೆ 121) ನಮ್ಮ ಧೈರ್ಯ. ಆತನು ಎಚ್ಚರವಾಗಿರುವದರಿಂದಲೇ ನಮ್ಮ ಎಚ್ಚರಕ್ಕೆ ಬಲವುಂಟು.

6. ಸಾರ್ದಿಸಿನಲ್ಲಿ ಉಳಿದವರು

ಆ ಸಭೆಯಲ್ಲಿಯೂ ತಮ್ಮ ವಸ್ತ್ರಗಳನ್ನು ಮಲಿನಮಾಡಿಕೊಳ್ಳದ ಕೆಲವರು ಇದ್ದರು. ಕರ್ತನು ಅವರನ್ನು ಗುಂಪಿನೊಳಗೆ ಮರೆಯಲಿಲ್ಲ. ಅವರು ಬಿಳೀ ವಸ್ತ್ರ ಧರಿಸಿ ತನ್ನ ಸಂಗಡ ನಡೆಯುವರೆಂದು ಮಾತುಕೊಟ್ಟನು. ಪತ್ರವು ಬಂದು ಎರಡು ಮೂರು ತಲೆಮಾರುಗಳು ಕಳೆಯುವದರೊಳಗೆ, ಎರಡನೆಯ ಶತಮಾನದಲ್ಲಿ, ಮೆಲಿತೋ ಎಂಬ ಭಕ್ತನು ಅದೇ ಸಾರ್ದಿಸಿನಲ್ಲಿ ಸಭಾಧ್ಯಕ್ಷನಾಗಿದ್ದನು. ಹಿಂಸೆಗೊಳಗಾದ ಕ್ರೈಸ್ತರ ಪರವಾಗಿ ಅವನು ರೋಮಿನ ಚಕ್ರವರ್ತಿಯಾದ ಮಾರ್ಕಸ್ ಔರೇಲ್ಯನಿಗೆ ವಿಜ್ಞಾಪನೆಯನ್ನು ಬರೆದನು. ಪಸ್ಕದ ಕುರಿಯಾದ ಕ್ರಿಸ್ತನ ವಿಷಯವಾಗಿ ಅವನು ಮಾಡಿದ ಪ್ರಸಂಗವು ಬಹು ಕಾಲ ಕಾಣದೆ ಹೋಗಿದ್ದು, 1940ರಲ್ಲಿ ಅಚ್ಚಾಗಿ ತಿರಿಗಿ ಬೆಳಕಿಗೆ ಬಂತು. ಅಲ್ಲಿನ ಅರ್ತೆಮೀ ದೇವಿಯ ಮಹಾ ದೇವಸ್ಥಾನವು ಈಗ ಪಾಳುಬಿದ್ದಿದೆ. ಅದರ ಒಂದು ಮೂಲೆಯಲ್ಲಿ ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತರು ಕಟ್ಟಿದ ಚಿಕ್ಕ ದೇವಾಲಯದ ಗೋಡೆಗಳು ಇನ್ನೂ ಕಾಣುತ್ತವೆ. ಸತ್ತದೆಂದು ಹೇಳಿಸಿಕೊಂಡ ಸಭೆಯು ಅಂದೇ ಅಳಿಯಲಿಲ್ಲ. ಕರ್ತನು ಗದರಿಸುವದು ಎಬ್ಬಿಸುವದಕ್ಕಾಗಿಯೇ.

ಆದದರಿಂದ ಪ್ರಿಯರೇ, ನಮ್ಮ ಗೋಡೆಯ ಯಾವ ಕಡೆಯನ್ನು ನಾವು ಬಹು ದಿನಗಳಿಂದ ನೋಡಿಲ್ಲವೋ ಆ ಕಡೆಗೆ ಈ ವಾರವೇ ಹೋಗಿ ನೋಡೋಣ. ಕರ್ತನ ಆತ್ಮನು ನಮಗೆ ಕಣ್ಣು ಕೊಡಲಿ.

ಮನೆಯಲ್ಲಿಯೂ ಕೂಟದಲ್ಲಿಯೂ ಆಲೋಚಿಸತಕ್ಕ ಪ್ರಶ್ನೆಗಳು

1. ಸಾರ್ದಿಸ್ ಪಟ್ಟಣವು ಎರಡು ಸಾರಿಯೂ ಯಾವ ಒಂದೇ ಕಾರಣದಿಂದ ಬಿದ್ದಿತು?
2. ಮೋಶೆ, ಎಲೀಯ, ಪೇತ್ರ ಇವರಲ್ಲಿ ಒಬ್ಬೊಬ್ಬನು ತನ್ನ ಯಾವ ಬಲದಲ್ಲಿಯೇ ಎಡವಿದನು?
3. ನಮ್ಮ ಮನೆಯಲ್ಲಿ ಸಾಯುವಂತಿದ್ದರೂ ಇನ್ನೂ ಉಳಿದಿರುವ ಒಳ್ಳೇ ಪದ್ಧತಿ ಯಾವದು? ಅದನ್ನು ಬಲಪಡಿಸುವದು ಹೇಗೆ?
4. ನಮ್ಮ ಸಭೆಯಲ್ಲಿ ಈಚೆಗೆ ಕೂಗಿಗೆ ಕೂಗು ಕೊಡದವರು ಯಾರು? ಅವರ ಬಳಿಗೆ ಯಾರು ಹೋಗುವರು?